ವಸಡಿನ ಚಿಕಿತ್ಸೆ ಆದ ಮೇಲೆ ಡಿಜಿಟಲ್ ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ವಸಡಿನ ಚಿಕಿತ್ಸೆ ಮಾಡುತ್ತೇನೆ. ವಸಡು ಎಷ್ಟು ಬದಲಾಯಿತು ಅಂತ ನೋಡಲು ಚಿಕಿತ್ಸೆಗೆ ಮುಂಚೆ ಒಂದು, ಆಮೇಲೆ ಒಂದು ಸ್ಕ್ಯಾನ್ ತೆಗೆದು ಹೋಲಿಸುತ್ತೇವೆ. ಕುರ್ಚಿ ಮೇಲೆ ಕೂತವರು, ಮಂಡ್ಯ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಕಡೆಯಿಂದ ರಿಪೋರ್ಟಿನ ಫೋಟೋ ಹೊಡೆದು ವಾಟ್ಸ್‌ಆ್ಯಪ್ ಮಾಡುವವರು, ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಓದುತ್ತಿರುವ ಹುಡುಗ ಹುಡುಗಿಯರು, ಎಲ್ಲರೂ ಸುತ್ತಿ ಬಳಸಿ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲೆರಡು ಭಾಗ ಎಲ್ಲರಿಗೂ, ಕೊನೆಯ ಭಾಗ ಓದುತ್ತಿರುವವರಿಗೆ. ಪೂರ್ತಿ ಓದಲೇಬೇಕು ಅಂತೇನಿಲ್ಲ, ನಿಮ್ಮ ಪ್ರಶ್ನೆ ಹುಡುಕಿಕೊಳ್ಳಿ.

## ಮೊದಲ ಸಲ ಕೇಳುವವರಿಗೆ

ಡಾಕ್ಟ್ರೇ, ಸ್ಕ್ಯಾನ್ ಅಂದ್ರೆ ಎಕ್ಸ್-ರೇ ತರಾನಾ? ಬಸುರಿ ಹೆಂಗಸರು ಮಾಡಿಸಬಹುದಾ?

ಎಕ್ಸ್-ರೇ ಅಲ್ಲ, ಇದು ಬರೀ ಬೆಳಕು. ದಪ್ಪನೆಯ ಪೆನ್ನಿನಂಥ ಒಂದು ಕ್ಯಾಮೆರಾ ಹಲ್ಲು ಮತ್ತು ವಸಡಿನ ಮೇಲೆ ಬೆಳಕು ಬಿಟ್ಟು, ವಾಪಸ್ ಬರುವ ಬೆಳಕಿನಿಂದ ಯಾವ ಬಿಂದು ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಹೀಗೆ ತೆಗೆದ ಸಾವಿರಾರು ಚಿತ್ರಗಳನ್ನು ಕಂಪ್ಯೂಟರ್ ಒಂದಕ್ಕೊಂದು ಸೇರಿಸಿ ನಿಮ್ಮ ಬಾಯಿಯ ತ್ರೀಡಿ ಮಾದರಿ ಕಟ್ಟುತ್ತದೆ. ವಿಕಿರಣ ಇಲ್ಲ, ಆದ್ದರಿಂದ ಬಸುರಿಯರು ಧಾರಾಳವಾಗಿ ಮಾಡಿಸಬಹುದು. ಒಂದು ಮಾತು ಮಾತ್ರ ನೆನಪಿರಲಿ. ಬಸುರಿನಲ್ಲಿ ಹಾರ್ಮೋನ್ ಏರುಪೇರಿನಿಂದ ವಸಡು ಊದಿಕೊಳ್ಳುವುದು ಸಾಮಾನ್ಯ. ಆಗ ತೆಗೆದ ಸ್ಕ್ಯಾನನ್ನು ಹೆರಿಗೆ ಆದ ಮೇಲಿನದಕ್ಕೆ ಹೋಲಿಸಿದರೆ ಚಿಕಿತ್ಸೆಯಿಂದ ಇಳಿದದ್ದು ಎಷ್ಟು, ತಾನಾಗಿಯೇ ಇಳಿದದ್ದು ಎಷ್ಟು ಅಂತ ಹೇಳುವುದು ಕಷ್ಟ.

ಕಡ್ಡಿ ಚುಚ್ಚಿ ಚುಚ್ಚಿ ಅಳೆದಿದ್ದಾಯ್ತಲ್ಲ, ಮತ್ತೆ ಈ ಮಿಷನ್ ಯಾಕೆ?

ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಕಡ್ಡಿ, ನಾವು ಪ್ರೋಬ್ ಅನ್ನುತ್ತೇವೆ, ವಸಡಿಗೂ ಹಲ್ಲಿಗೂ ನಡುವಿನ ಸಂದಿ ಎಷ್ಟು ಆಳ ಇದೆ ಅಂತ ನೋಡುತ್ತದೆ. ಒಂದು ಹಲ್ಲಿಗೆ 6 ಕಡೆ ಅಳೆಯುತ್ತೇವೆ. ಬುದ್ಧಿಹಲ್ಲು ಬಿಟ್ಟು 28 ಹಲ್ಲಿದ್ದರೆ 168 ಅಳತೆ ಆಯಿತು. 1ರಿಂದ 3 ಮಿ.ಮೀ. ಇದ್ದು ರಕ್ತ ಬರದಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 4, 5, 6 ಅಂತ ಏರಿದರೆ ಅದು ಪಾಕೆಟ್. ಕಡ್ಡಿಯ ತೊಂದರೆ ಏನೆಂದರೆ ಅದು ಕೈ ಅಳತೆ. ಒತ್ತುವ ಬಲ ಸ್ವಲ್ಪ ಜಾಸ್ತಿ ಆದರೆ, ಓರೆ ಆದರೆ, ಅದೇ ಜಾಗಕ್ಕೆ ಇವತ್ತು 4, ನಾಳೆ 5. ಒಂದು ಮಿ.ಮೀ. ಹೆಚ್ಚುಕಡಿಮೆ ಎಲ್ಲ ಕಡೆ ಇದ್ದದ್ದೇ.

ಸ್ಕ್ಯಾನ್ ನೋಡುವುದು ವಸಡಿನ ಹೊರ ಮೈ. ಅಂಚು ಎಲ್ಲಿದೆ, ಎಷ್ಟು ದಪ್ಪ ಇದೆ, ಹಲ್ಲುಗಳ ನಡುವಿನ ವಸಡು ಎಷ್ಟು ಎತ್ತರ ಇದೆ, ಇದನ್ನೆಲ್ಲ ಅದು ಕಡ್ಡಿಗಿಂತ ಎಷ್ಟೋ ಸೂಕ್ಷ್ಮವಾಗಿ ಹಿಡಿಯುತ್ತದೆ. ಆದರೆ ಕಾಯಿಲೆ ಇರುವುದು ಒಳಗೆ. ಬೆಳಕು ವಸಡನ್ನು ದಾಟಿ ಒಳಗೆ ಹೋಗಿ ಪಾಕೆಟ್ ಅಳೆಯುವುದಿಲ್ಲ, ಮೂಳೆಯನ್ನೂ ತೋರಿಸುವುದಿಲ್ಲ. ಹಾಗಾಗಿ ಯಾರಾದರೂ ಸ್ಕ್ಯಾನ್ ಇದ್ದರೆ ಕಡ್ಡಿಯೂ ಬೇಡ, ಎಕ್ಸ್-ರೇಯೂ ಬೇಡ ಅಂದರೆ ನಂಬಬೇಡಿ.

ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಉದ್ದ ಆಗೋಯ್ತು, ಸಂದಿ ಬಿಟ್ಟುಕೊಂಡಿದೆ. ಮುಂಚೆಯೇ ಚೆನ್ನಾಗಿತ್ತಲ್ವಾ?

ನನಗೆ ಅತಿ ಜಾಸ್ತಿ ಬರುವ ದೂರು ಇದು. ಸ್ಕ್ಯಾನ್‌ನಿಂದ ನಿಜವಾಗಿ ಪ್ರಯೋಜನ ಆಗುವುದೂ ಇಲ್ಲೇ, ಯಾಕೆಂದರೆ ಬಾಯಿಮಾತಿನಲ್ಲಿ ಹೇಳಿದರೆ ಜನ ಒಪ್ಪುವುದಿಲ್ಲ, ಪರದೆ ಮೇಲೆ ತಮ್ಮದೇ ವಸಡನ್ನು ತಿರುಗಿಸಿ ನೋಡಿದಾಗ ಒಪ್ಪುತ್ತಾರೆ.

ಕಾಯಿಲೆ ಇದ್ದಾಗ ವಸಡು ಊದಿಕೊಂಡು ಹಲ್ಲಿನ ಮೇಲೆ ಏರಿ ಕೂತಿರುತ್ತದೆ. ಒಳಗೆ ಮೂಳೆ ಆಗಲೇ ಕರಗಿರುತ್ತದೆ, ಮೇಲಿನ ಊತ ಅದನ್ನು ಮುಚ್ಚಿಟ್ಟಿರುತ್ತದೆ. ಸ್ಕೇಲಿಂಗ್ ಮಾಡಿ, ಬೇರಿನ ಮೇಲಿನ ಗಟ್ಟಿ ಪಾಚಿ ತೆಗೆದಾಗ ಊತ ಇಳಿಯುತ್ತದೆ, ವಸಡು ಮೂಳೆ ಇರುವ ಕಡೆಗೆ ಜಾರುತ್ತದೆ. ಆಗ ಬೇರು ಕಾಣಿಸುತ್ತದೆ, ತಣ್ಣೀರು ಕುಡಿದರೆ ಜುಂ ಅನ್ನುತ್ತದೆ, ಸಂದಿಯಲ್ಲಿ ಕಪ್ಪಗೆ ತ್ರಿಕೋನ ಕಾಣುತ್ತದೆ.

ಲೆಕ್ಕದಲ್ಲಿ ಹೇಳುತ್ತೇನೆ. ಚಿಕಿತ್ಸೆಗೆ ಮುಂಚೆ ಒಂದು ಜಾಗದಲ್ಲಿ ಪಾಕೆಟ್ 6 ಮಿ.ಮೀ., ವಸಡಿನ ಅಂಚು ಹಲ್ಲಿನ ಕಿರೀಟವೂ (ಹೊರಗೆ ಕಾಣುವ ಭಾಗ) ಬೇರೂ ಸೇರುವ ಗೆರೆಗಿಂತ 1 ಮಿ.ಮೀ. ಮೇಲೆ ಇತ್ತು ಅಂದುಕೊಳ್ಳಿ. ಅಂದರೆ ಆ ಗೆರೆಯಿಂದ ಕೆಳಗೆ ಹಿಡಿತ ಕಳೆದುಕೊಂಡಿದ್ದು 5 ಮಿ.ಮೀ. ಮೂರು ತಿಂಗಳ ನಂತರ ಪಾಕೆಟ್ 3, ಅಂಚು ಗೆರೆಗಿಂತ 1 ಮಿ.ಮೀ. ಕೆಳಗೆ. ಈಗ ಕಳೆದುಕೊಂಡಿದ್ದು 4. ಕನ್ನಡಿಯಲ್ಲಿ ನಿಮಗೆ ಕಂಡಿದ್ದು 2 ಮಿ.ಮೀ. ಇಳಿದದ್ದು ಮಾತ್ರ. ಕಾಣದೆ ಇದ್ದದ್ದು ಪಾಕೆಟ್ ಅರ್ಧ ಆಗಿದ್ದು, 1 ಮಿ.ಮೀ. ಹಿಡಿತ ವಾಪಸ್ ಬಂದಿದ್ದು. ಮುಂಚೆ ಚೆನ್ನಾಗಿ ಕಾಣುತ್ತಿತ್ತು, ಚೆನ್ನಾಗಿರಲಿಲ್ಲ.

ಹಾಗಂತ ಇಳಿದದ್ದೆಲ್ಲ ಒಳ್ಳೆಯದೂ ಅಲ್ಲ. ಊತ ಇಲ್ಲದ, ರಕ್ತ ಬರದ ಜಾಗದಲ್ಲಿ ವರ್ಷದಿಂದ ವರ್ಷಕ್ಕೆ ಅಂಚು ಇಳಿಯುತ್ತಿದ್ದರೆ ಅದು ಬೇರೆ ಕಥೆ. ಬ್ರಶ್ಶನ್ನು ಪಾತ್ರೆ ತಿಕ್ಕುವ ಹಾಗೆ ತಿಕ್ಕುತ್ತಿದ್ದೀರಾ ಅಂತ ಆಗ ಕೇಳಬೇಕಾಗುತ್ತದೆ.

ಸ್ಕ್ಯಾನ್ ಮಾಡುವಾಗ ನೋವಾಗುತ್ತಾ? ನನಗೆ ಬಾಯಿಗೆ ಏನಿಟ್ಟರೂ ವಾಕರಿಕೆ.

ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಅಚ್ಚು ತೆಗೆಯಲು ಬಾಯಿ ತುಂಬ ಹಿಟ್ಟಿನಂಥದ್ದು ತುಂಬುತ್ತಾರಲ್ಲ, ಅದಕ್ಕಿಂತ ಎಷ್ಟೋ ವಾಸಿ. ಹಿಂದಿನ ದವಡೆ ಹಲ್ಲಿನ ಹತ್ತಿರ ಸ್ವಲ್ಪ ಕಸಿವಿಸಿ ಆಗಬಹುದು. ಬಾಯಿಗೆ ಹೋಗುವ ತುದಿಯನ್ನು ಪ್ರತಿ ರೋಗಿಗೂ ಬದಲಾಯಿಸಿ ಆಟೋಕ್ಲೇವ್ ಎಂಬ ಬಿಸಿ ಹಬೆಯ ಯಂತ್ರದಲ್ಲಿ ಶುದ್ಧ ಮಾಡಬೇಕು. ಮಾಡಿದ್ದಾರಾ ಅಂತ ಕೇಳಿ, ಸಂಕೋಚ ಬೇಡ.

ಬೆಳಗ್ಗೆ ನಂಜನಗೂಡು ಹಲ್ಲುಪುಡಿ ಹಾಕಿ ಉಜ್ಜಿ ಬಂದಿದ್ದೀನಿ, ಸ್ಕ್ಯಾನ್‌ಗೆ ಏನಾದ್ರೂ ತೊಂದರೆನಾ?

ಚೆನ್ನಾಗಿ ಬಾಯಿ ಮುಕ್ಕಳಿಸಿ ಬಂದರೆ ತೊಂದರೆ ಇಲ್ಲ. ತಮಾಷೆ ಅಂದರೆ, ಹಳೆಯ ಸ್ಕ್ಯಾನರ್‌ಗಳಿಗೆ ನಾವೇ ಪುಡಿ ಹಾಕಬೇಕಿತ್ತು. 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸೆರೆಕ್ ಎಂಬ ಯಂತ್ರ ಬಂತು. ಹಲ್ಲು ಹೊಳೆಯುತ್ತದೆ, ಬೆಳಕು ಚದುರುತ್ತದೆ ಅಂತ ಅದಕ್ಕೆ ಹಲ್ಲಿನ ಮೇಲೆ ಟೈಟಾನಿಯಂ ಡೈಆಕ್ಸೈಡ್ ಬಿಳಿ ಪುಡಿ ಊದಬೇಕಿತ್ತು. ಒದ್ದೆ ವಸಡಿನ ಮೇಲೆ ಪುಡಿ ಗಂಟು ಕಟ್ಟಿದರೆ ಅಳತೆಯೇ ಕೆಡುತ್ತಿತ್ತು. ಈಗಿನ ಹೆಚ್ಚಿನ ಸ್ಕ್ಯಾನರ್‌ಗಳಿಗೆ ಪುಡಿ ಬೇಡ. ಇನ್ನು ಉಜ್ಜುವ ವಿಷಯ: ಪುಡಿಯೋ ಪೇಸ್ಟೋ, ಬೆರಳಲ್ಲಿ ಉಜ್ಜಿದರೆ ಹಲ್ಲಿನ ಸಂದಿ ಕ್ಲೀನ್ ಆಗುವುದಿಲ್ಲ. ವಸಡಿನ ಕಾಯಿಲೆ ಇರುವವರಿಗೆ ಸಂದಿಗೆ ಹೋಗುವ ಸಣ್ಣ ಬ್ರಶ್ ಬೇಕೇ ಬೇಕು.

ನಾವು ಮಂಡ್ಯದವರು. ನಮ್ಮ ಡಾಕ್ಟ್ರ ಹತ್ರ ಈ ಮಿಷನ್ ಇಲ್ಲ. ಮೈಸೂರಿಗೆ ಬರಲೇಬೇಕಾ?

ಸುಮ್ನೆ ಇದಕ್ಕೋಸ್ಕರ ಬರಬೇಡಿ. ಸಾಮಾನ್ಯ ವಸಡಿನ ಕಾಯಿಲೆಗೆ ಕಡ್ಡಿಯ ಅಳತೆ, ರಕ್ತ ಬರುತ್ತದಾ ಇಲ್ಲವಾ ಎಂಬ ಗುರುತು, ಬೇಕಾದಾಗ ಎಕ್ಸ್-ರೇ, ಇಷ್ಟು ಸಾಕು. ನಿಮ್ಮ ಡಾಕ್ಟರ್ 168 ಜಾಗವನ್ನೂ ಅಳೆದು ಚಾರ್ಟ್ ಬರೆದುಕೊಂಡಿದ್ದರೆ, ಸ್ಕ್ಯಾನ್ ಇಟ್ಟುಕೊಂಡು ಚಾರ್ಟ್ ಬರೆಯದೆ ಇರುವವರಿಗಿಂತ ಅವರೇ ಮೇಲು.

ಸ್ಕ್ಯಾನ್ ಕೆಲಸಕ್ಕೆ ಬರುವುದು ಕೆಲವು ಕಡೆ. ಮುಂದಿನ ಹಲ್ಲಿಗೆ ಅಂಗುಳಿನಿಂದ ಚರ್ಮ ತೆಗೆದು ಕಸಿ ಮಾಡಿದಾಗ, ಇಂಪ್ಲಾಂಟ್ (ಮೂಳೆಗೆ ಕೂರಿಸಿದ ಕೃತಕ ಬೇರು) ಸುತ್ತ ವಸಡು ತೆಳ್ಳಗಾಗುತ್ತಿದೆಯಾ ಅಂತ ನೋಡಲು, ಇಳಿಯುತ್ತಿರುವ ವಸಡನ್ನು ವರ್ಷಗಟ್ಟಲೆ ಕಾಯಲು, ಔಷಧಿಯಿಂದ ಊದಿದ ವಸಡು ಎಷ್ಟು ತಗ್ಗಿತು ಅಂತ ತಿಳಿಯಲು. ತಜ್ಞರ ಅಭಿಪ್ರಾಯ ಬೇಕು ಅಂದರೆ ಮೈಸೂರಿನಲ್ಲಿ ಬನ್ನಿಮಂಟಪದ ಜೆಎಸ್‌ಎಸ್ ಡೆಂಟಲ್ ಕಾಲೇಜು, ಫಾರೂಕಿಯಾ ಡೆಂಟಲ್ ಕಾಲೇಜು ಇವೆ, ಅಲ್ಲಿ ವಸಡಿನ ವಿಭಾಗ ಅಂತ ಕೇಳಿದರೆ ತೋರಿಸುತ್ತಾರೆ. ಸ್ಕ್ಯಾನ್ ಇದೆಯಾ, ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಿ.

ಎಷ್ಟು ದಿನ ಬಿಟ್ಟು ಎರಡನೇ ಸ್ಕ್ಯಾನ್ ಮಾಡಿಸಬೇಕು?

ಬರೀ ಸ್ಕೇಲಿಂಗ್, ಬೇರಿನ ಕ್ಲೀನಿಂಗ್ ಆಗಿದ್ದರೆ ಸುಮಾರು ಮೂರು ತಿಂಗಳು. ಒಂದೇ ವಾರಕ್ಕೆ ಮಾಡಿಸಿದರೆ ಇನ್ನೂ ಮಾಯುತ್ತಿರುವ ವಸಡನ್ನು ಅಳೆದಂತೆ ಆಗುತ್ತದೆ. ವಸಡು ಬಿಡಿಸಿ ಆಪರೇಷನ್ ಮಾಡಿದ್ದರೆ ಆರು ತಿಂಗಳು. ಕಸಿ ಮಾಡಿದ್ದರೆ ಮೊದಲು ಊದಿಕೊಂಡು ಆಮೇಲೆ ಕುಗ್ಗುತ್ತದೆ, ಆರು ತಿಂಗಳಿಂದ ಒಂದು ವರ್ಷದವರೆಗೂ ಆಕಾರ ಬದಲಾಗುತ್ತಲೇ ಇರುತ್ತದೆ. ಮೊದಲ ತಿಂಗಳ ಸ್ಕ್ಯಾನ್ ನೋಡಿ ‘ಎಷ್ಟು ದಪ್ಪ ಬಂತು’ ಅಂತ ಖುಷಿಪಟ್ಟರೆ ಆಮೇಲೆ ಬೇಜಾರಾಗುತ್ತದೆ.

## ರಿಪೋರ್ಟ್ ಕೈಗೆ ಬಂದ ಮೇಲೆ

ರಿಪೋರ್ಟಲ್ಲಿ ವಸಡೆಲ್ಲ ನೀಲಿ, ಒಂದು ಕಡೆ ಕೆಂಪು. ಕೆಂಪು ಅಂದ್ರೆ ಇನ್ನೂ ಕಾಯಿಲೆ ಇದೆ ಅಂತಾನಾ?

ಅಲ್ಲ. ಅದು ವಸಡಿನ ಬಣ್ಣವೂ ಅಲ್ಲ, ಕಾಯಿಲೆಯ ಬಣ್ಣವೂ ಅಲ್ಲ. ಎರಡು ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಕೂರಿಸಿ, ಎಲ್ಲಿ ಎಷ್ಟು ವ್ಯತ್ಯಾಸ ಅಂತ ಸಾಫ್ಟ್‌ವೇರ್ ಬಳಿದ ಬಣ್ಣ. ಸಾಮಾನ್ಯವಾಗಿ ಹೊರಗೆ ಉಬ್ಬಿದ್ದಕ್ಕೆ ಕೆಂಪು, ಒಳಗೆ ಕುಗ್ಗಿದ್ದಕ್ಕೆ ನೀಲಿ, ಬದಲಾಗದ ಕಡೆ ಹಸಿರು. ಯಾವುದರ ಮೇಲೆ ಯಾವುದನ್ನು ಕೂರಿಸಿದ್ದಾರೆ ಎಂಬುದು ಅದಲುಬದಲಾದರೆ ಬಣ್ಣವೂ ತಿರುಗಿಬಿಡುತ್ತದೆ. ಪಕ್ಕದಲ್ಲಿರುವ ಅಳತೆ ಪಟ್ಟಿ ನೋಡದೆ ಬಣ್ಣ ನೋಡಬೇಡಿ. ಪಟ್ಟಿಯ ತುದಿ 0.1 ಮಿ.ಮೀ.ಗೆ ಇಟ್ಟಿದ್ದರೆ ಏನೂ ಆಗದ ಬಾಯಿಯೂ ಬೆಂಕಿ ಬಿದ್ದ ಹಾಗೆ ಕಾಣುತ್ತದೆ, 2 ಮಿ.ಮೀ.ಗೆ ಇಟ್ಟಿದ್ದರೆ ನಿಜವಾದ ಬದಲಾವಣೆಯೂ ಹಸಿರಾಗಿ ಉಳಿಯುತ್ತದೆ.

0.3 ಮಿ.ಮೀ. ಇಳಿದಿದೆ ಅಂತ ಬಂದಿದೆ. ಹೆದರಬೇಕಾ?

ಒಂದೇ ಒಂದು ಬಿಂದುವಿನ ಸಂಖ್ಯೆ ನೋಡಿ ಹೆದರಬೇಡಿ. ಒಳ್ಳೆಯ ಸ್ಕ್ಯಾನರ್ ಒಂದೆರಡು ಹಲ್ಲಿನಿಂದ ಕಾಲು ಭಾಗ ಬಾಯಿಯವರೆಗೆ ಕೆಲವು ಹತ್ತು ಮೈಕ್ರಾನ್ ತಪ್ಪಿನೊಳಗೆ ಅಳೆಯುತ್ತದೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ. ಆದರೆ ವಸಡು ಹಲ್ಲಿನಷ್ಟು ಗಟ್ಟಿ ಅಲ್ಲ. ತುಟಿ ಎಳೆದರೆ ಅಲುಗುತ್ತದೆ, ಎಂಜಲು ನಿಂತರೆ ಅಂಚು ಮಸುಕಾಗುತ್ತದೆ. ಸ್ಕ್ಯಾನರ್‌ನ ತಪ್ಪು, ಹೊಂದಿಸುವ ತಪ್ಪು, ಅಲುಗಿದ ತಪ್ಪು, ಮೂರೂ ಕೂಡುತ್ತವೆ. ಅದೇ ಜಾಗದಲ್ಲಿ ಮುಂದಿನ ಸಲವೂ ಇಳಿದಿದ್ದರೆ ಆಗ ಗಂಭೀರವಾಗಿ ತಗೊಳ್ಳಿ.

ಬಿಪಿ ಮಾತ್ರೆಯಿಂದ ವಸಡು ಊದಿದೆ ಅಂದ್ರು. ಮಾತ್ರೆ ನಿಲ್ಲಿಸಿ ಸ್ಕ್ಯಾನ್ ಮಾಡಿಸಲಾ?

ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ! ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್, ಇವುಗಳಿಂದ ಕೆಲವರಿಗೆ ವಸಡು ದಪ್ಪ ಆಗುತ್ತದೆ. ಪಾಚಿ ಜಾಸ್ತಿ ಇದ್ದರೆ ಇನ್ನೂ ದಪ್ಪ. ಮೊದಲು ಒಂದು ಸ್ಕ್ಯಾನ್, ಆಮೇಲೆ ಕ್ಲೀನಿಂಗ್. ಮಾತ್ರೆ ಬದಲಾಯಿಸುವ ವಿಷಯ ಅದನ್ನು ಬರೆದುಕೊಟ್ಟ ಡಾಕ್ಟರಿಗೆ ಬಿಟ್ಟದ್ದು. ಬರೀ ಕ್ಲೀನಿಂಗ್‌ನಿಂದ ಎಷ್ಟು ತಗ್ಗಿತು ಅಂತ ಎರಡನೇ ಸ್ಕ್ಯಾನ್‌ನಲ್ಲಿ ನೋಡಿ, ಉಳಿದದ್ದನ್ನು ಕತ್ತರಿಸಬೇಕಾ ಬೇಡವಾ ಅಂತ ಆಮೇಲೆ ಯೋಚಿಸಬಹುದು.

ನಮ್ಮ ಯಜಮಾನರಿಗೆ ಶುಗರ್ ಇದೆ, ಜೊತೆಗೆ ಹೊಗೆಸೊಪ್ಪು. ಅವರ ಸ್ಕ್ಯಾನ್ ಚೆನ್ನಾಗೇ ಬಂದಿದೆಯಲ್ಲ?

ತಂಬಾಕಿನ ವಿಷಯದಲ್ಲಿ ಹೊರಗಿನ ನೋಟ ಮೋಸ ಮಾಡುತ್ತದೆ. ಬೀಡಿ ಸಿಗರೇಟು ಸೇದುವವರ ವಸಡು ಕಡಿಮೆ ಊದುತ್ತದೆ, ರಕ್ತವೂ ಕಡಿಮೆ ಬರುತ್ತದೆ, ಒಳಗೆ ಮೂಳೆ ಮಾತ್ರ ಕರಗುತ್ತಿರುತ್ತದೆ. ಊತವೇ ಇಲ್ಲದಿದ್ದರೆ ಸ್ಕ್ಯಾನ್‌ನಲ್ಲಿ ಇಳಿಯುವುದಕ್ಕೆ ಏನಿದೆ? ಹೊಗೆಸೊಪ್ಪು ಒತ್ತರಿಸಿ ಇಡುವವರಿಗೆ ಇಡುವ ಜಾಗದಲ್ಲೇ ವಸಡು ಇಳಿಯುತ್ತದೆ. ಅಲ್ಲಿ ಬಿಳಿ ಮಚ್ಚೆ ಕಂಡರೆ ಸ್ಕ್ಯಾನ್ ಬಿಟ್ಟು ತಕ್ಷಣ ತೋರಿಸಿ, ಅದು ಬೇರೆಯೇ ಪರೀಕ್ಷೆ.

ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ನಿಧಾನ ಮಾಯುತ್ತದೆ. ವಸಡು ಸರಿಹೋದರೆ ಶುಗರ್‌ಗೂ ಲಾಭ ಇದೆ. ವಸಡಿನ ಚಿಕಿತ್ಸೆ ಆದ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಮಟ್ಟ ತೋರಿಸುವ ರಕ್ತ ಪರೀಕ್ಷೆ) ಸರಾಸರಿ ಶೇಕಡಾ 0.4 ಅಂಶದ ಆಸುಪಾಸು ಇಳಿಯುತ್ತದೆ ಅಂತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ಸ್ಕ್ಯಾನ್ ಚೆನ್ನಾಗಿದೆ, ಆದ್ರೆ ಹಲ್ಲು ಇನ್ನೂ ಅಲ್ಲಾಡ್ತಿದೆ. ಹೇಗೆ?

ಹಲ್ಲನ್ನು ಹಿಡಿದಿರುವುದು ಮೂಳೆ, ಅದು ಸ್ಕ್ಯಾನ್‌ನಲ್ಲಿ ಕಾಣಲ್ಲ. ಮೇಲಿನ ವಸಡು ಬಿಗಿಯಾಗಿ, ತಿಳಿ ಗುಲಾಬಿಯಾಗಿ ಆಗಿದ್ದರೂ ಕರಗಿದ ಮೂಳೆ ಹಾಗೇ ಎದ್ದು ಬರುವುದಿಲ್ಲ. ಎಕ್ಸ್-ರೇ ನೋಡಿ, ಕಚ್ಚುವಾಗ ಆ ಹಲ್ಲಿನ ಮೇಲೆ ಭಾರ ಜಾಸ್ತಿ ಬೀಳುತ್ತಿದೆಯಾ ಅಂತ ಪರೀಕ್ಷೆ ಮಾಡಿ ಹೇಳಬೇಕು.

ಒಂದು ಕಡೆ ಮಾಡಿಸಿದ ಸ್ಕ್ಯಾನನ್ನು ಇನ್ನೊಬ್ಬ ಡಾಕ್ಟ್ರು ನೋಡಬಹುದಾ? ಫೈಲ್ ಕೇಳಿದ್ರೆ ಕೊಡ್ತಾರಾ?

ಕೇಳಿ, ನಿಮ್ಮದೇ ಬಾಯಿ ಅಲ್ವಾ. ಸ್ಕ್ರೀನ್ ಫೋಟೋ ಬೇಡ, ಫೈಲನ್ನೇ ಕೊಡಿ ಅನ್ನಿ. ಎಸ್‌ಟಿಎಲ್ ಫೈಲ್ ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತದೆ, ಆದರೆ ಅದರಲ್ಲಿ ಆಕಾರ ಮಾತ್ರ ಇರುತ್ತದೆ, ಬಣ್ಣ ಇರಲ್ಲ. ಪಿಎಲ್‌ವೈ ಅಥವಾ ಒಬಿಜೆ ಸಿಕ್ಕರೆ ಬಣ್ಣವೂ ಬರುತ್ತದೆ. ಬಣ್ಣ ಇದ್ದರೆ ವಸಡಿನ ಅಂಚು ಗುರುತಿಸುವುದು ಸುಲಭ. ಟ್ರಯೋಸ್, ಐಟೆರೊ, ಮೆಡಿಟ್ ಅಂತ ಬೇರೆ ಬೇರೆ ಕಂಪನಿ ಸ್ಕ್ಯಾನರ್ ಇದ್ದರೂ ಹೋಲಿಸಬಹುದು. ಆದರೂ ಅದೇ ಮಿಷನ್‌ನಲ್ಲಿ ಎರಡೂ ಸಲ ತೆಗೆದರೆ ಉತ್ತಮ.

## ಎಂಡಿಎಸ್ ಓದುವವರು, ಹೊಸದಾಗಿ ಸ್ಕ್ಯಾನರ್ ತಂದವರು

ಮೇಡಂ, ಬೇಸ್‌ಲೈನ್ ಸ್ಕ್ಯಾನ್ (ಹೋಲಿಕೆಗೆ ಇಟ್ಟುಕೊಳ್ಳುವ ಮೊದಲ ಸ್ಕ್ಯಾನ್) ಸ್ಕೇಲಿಂಗ್‌ಗೆ ಮುಂಚೆನಾ, ಆಮೇಲಾ?

ಏನನ್ನು ಅಳೆಯಬೇಕು ಅಂತಿದ್ದೀರಿ ಎಂಬುದರ ಮೇಲೆ. ಊತ ಇಳಿಯುವುದನ್ನೇ ನೋಡಬೇಕಿದ್ದರೆ ಮುಂಚೆ. ಆದರೆ ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ನೋಡಿ, ಕೆಲವರಿಗೆ ಗಟ್ಟಿ ಪಾಚಿ ಅಡ್ಡಗೋಡೆ ಕಟ್ಟಿರುತ್ತದೆ. ಅದರ ಮೇಲೆ ಕೂತ ವಸಡನ್ನು ಅಳೆದರೆ ಏನರ್ಥ? ಪಾಚಿ ತೆಗೆದದ್ದೂ ‘ವ್ಯತ್ಯಾಸ’ ಅಂತ ಬರುತ್ತದೆ. ಅಂಥ ಕಡೆ ವಸಡಿನ ಮೇಲಿನ ಪಾಚಿ ಮಾತ್ರ ಹಗುರವಾಗಿ ತೆಗೆದು, ರಕ್ತ ನಿಂತ ಮೇಲೆ ಸ್ಕ್ಯಾನ್ ಮಾಡಿ, ಬೇರಿನ ಕೆಲಸ ಆಮೇಲೆ. ಇನ್ನೊಂದು, ಸ್ಕ್ಯಾನ್ ಮೊದಲು, ಪ್ರೋಬಿಂಗ್ ಆಮೇಲೆ. ಪ್ರೋಬ್ ಹಾಕಿ ರಕ್ತ ಬರಿಸಿಕೊಂಡು ಸ್ಕ್ಯಾನ್‌ಗೆ ಕೂತರೆ ಅಂಚೇ ಕಾಣುವುದಿಲ್ಲ.

ಬೆಸ್ಟ್ ಫಿಟ್ ಬಟನ್ ಒತ್ತಿದ್ರೆ ಸಾಫ್ಟ್‌ವೇರೇ ಹೊಂದಿಸುತ್ತಲ್ಲ, ಇನ್ನೇನು ಮಾಡಬೇಕು?

ಫಲಿತಾಂಶ ಕೆಡುವುದು ಬಹುಪಾಲು ಈ ಬಟನ್ ಹತ್ತಿರವೇ. ಜಮೀನು ಅಳೆಯುವವರು ಕದಲದ ಸರ್ವೆ ಕಲ್ಲಿನಿಂದ ಅಳತೆ ಶುರು ಮಾಡುತ್ತಾರೆ. ನಿಮ್ಮ ಸರ್ವೆ ಕಲ್ಲು ಹಲ್ಲು, ವಸಡಲ್ಲ.

ಬೆಸ್ಟ್ ಫಿಟ್ ಹಿಂದೆ ಸಾಮಾನ್ಯವಾಗಿ ಇರುವುದು ಐಸಿಪಿ ಎಂಬ ಲೆಕ್ಕದ ವಿಧಾನ. 1992ರಲ್ಲಿ ಬೆಸ್ಲ್ ಮತ್ತು ಮೆಕೇ ಪ್ರಕಟಿಸಿದ್ದು. ಎರಡು ಮೇಲ್ಮೈಗಳ ಹತ್ತಿರದ ಬಿಂದುಗಳನ್ನು ಜೋಡಿ ಮಾಡಿ, ಒಟ್ಟು ಅಂತರ ಕಡಿಮೆ ಆಗುವವರೆಗೆ ಒಂದನ್ನು ತಿರುಗಿಸುತ್ತಾ, ಸರಿಸುತ್ತಾ ಹೋಗುತ್ತದೆ. ಅದಕ್ಕೆ ಹಲ್ಲು ಯಾವುದು, ವಸಡು ಯಾವುದು ಗೊತ್ತಿಲ್ಲ. ವಸಡೆಲ್ಲ ಒಳಗೆ ಕುಗ್ಗಿದ್ದರೂ ಇಡೀ ಮಾದರಿಯನ್ನು ಕೊಟ್ಟುಬಿಟ್ಟರೆ ಅದು ಆ ಬದಲಾವಣೆಯನ್ನು ಹಲ್ಲಿಗೂ ವಸಡಿಗೂ ಹಂಚಿಬಿಡುತ್ತದೆ. ಆಗ ವಸಡು ನಿಜಕ್ಕಿಂತ ಕಡಿಮೆ ಕುಗ್ಗಿದಂತೆ, ಹಲ್ಲು ಹೊರಗೆ ಬೆಳೆದಂತೆ ಕಾಣುತ್ತದೆ. ಬಣ್ಣದ ಚಿತ್ರದಲ್ಲಿ ಹಲ್ಲೇ ಕೆಂಪಗಿದ್ದರೆ ಅಲ್ಲೇ ನಿಲ್ಲಿಸಿ, ಮತ್ತೆ ಹೊಂದಿಸಿ.

ಮೊದಲು ವಸಡನ್ನು ಬಿಟ್ಟು ಹಲ್ಲಿನ ಮೇಲ್ಮೈ ಮಾತ್ರ ಆಯ್ಕೆ ಮಾಡಿ. ನಡುವೆ ಫಿಲ್ಲಿಂಗ್ ಆದ, ಕ್ಯಾಪ್ ಹಾಕಿದ ಹಲ್ಲು ಬಿಡಿ. ಅಲ್ಲಾಡುತ್ತಿದ್ದ ಹಲ್ಲನ್ನಂತೂ ಸೇರಿಸಲೇಬೇಡಿ, ಊತ ಇಳಿದ ಮೇಲೆ ಅದು ಜಾಗ ಬದಲಿಸಿರುತ್ತದೆ. ಇಡೀ ದವಡೆಯನ್ನು ಒಟ್ಟಿಗೆ ಹೊಂದಿಸುವುದಕ್ಕಿಂತ ನೋಡಬೇಕಾದ ಜಾಗದ ಸುತ್ತಲಿನ ಮೂರ್ನಾಲ್ಕು ಹಲ್ಲು ಸಾಕು. ಚಿತ್ರ ಜೋಡಿಸುತ್ತಾ ಹೋದಂತೆ ತಪ್ಪು ಕೂಡುತ್ತಾ ಹೋಗುತ್ತದೆ, ಇಡೀ ದವಡೆಯಲ್ಲಿ ಅದು 100 ಮೈಕ್ರಾನ್ ದಾಟಬಹುದು. ಹೊಂದಿಸಿದ ಮೇಲೆ ಹಲ್ಲಿನ ಮೇಲೆ ಉಳಿದ ವ್ಯತ್ಯಾಸ ಎಷ್ಟು ಅಂತ ನೋಡಿ ಬರೆದುಕೊಳ್ಳಿ. ಅದಕ್ಕಿಂತ ಸಣ್ಣ ವಸಡಿನ ಬದಲಾವಣೆ ಬಗ್ಗೆ ಮಾತಾಡಬೇಡಿ.

ವಾಲ್ಯೂಮ್ ಘನ ಮಿ.ಮೀ.ನಲ್ಲಿ ಬರೆದೆ, ಗೈಡ್ ಒಪ್ಪಲಿಲ್ಲ. ಯಾಕೆ?

ನಿಮ್ಮ ಗೈಡ್ ಸರಿ. ಒಬ್ಬರಲ್ಲಿ 10 ಘನ ಮಿ.ಮೀ., ಇನ್ನೊಬ್ಬರಲ್ಲಿ 10 ಘನ ಮಿ.ಮೀ. ಇಳಿಯಿತು ಅಂತ ಬರೆದರೆ ಒಂದೇ ಅಂತ ಓದುಗ ತಿಳಿಯುತ್ತಾನೆ. ಮೊದಲನೆಯವರಲ್ಲಿ ನೀವು ಗುರುತು ಹಾಕಿದ ಜಾಗ 20 ಚದರ ಮಿ.ಮೀ. ಇದ್ದರೆ ಸರಾಸರಿ ದಪ್ಪ 0.5 ಮಿ.ಮೀ. ಇಳಿದಿದೆ, ಎರಡನೆಯವರಲ್ಲಿ 40 ಇದ್ದರೆ 0.25 ಮಾತ್ರ. ಜಾಗದ ವಿಸ್ತೀರ್ಣದಿಂದ ಭಾಗಿಸಿ ಸರಾಸರಿ ದಪ್ಪವನ್ನು ಮಿ.ಮೀ.ನಲ್ಲಿ ಕೊಡಿ. ಜಾಗದ ಗಡಿ ಎಲ್ಲಿಂದ ಎಲ್ಲಿಗೆ ಅಂತ ಮೊದಲೇ ನಿಯಮ ಮಾಡಿಕೊಳ್ಳಿ, ಅಂಟಿಕೊಂಡ ಗಟ್ಟಿ ವಸಡು ದಾಟಿ ತುಟಿಯ ಜೊತೆ ಅಲುಗುವ ಭಾಗಕ್ಕೆ ಹೋಗಬೇಡಿ. ಅಂಚು ಇಳಿದದ್ದನ್ನೂ ದಪ್ಪ ಕುಗ್ಗಿದ್ದನ್ನೂ ಒಂದೇ ಸಂಖ್ಯೆಯಲ್ಲಿ ಬೆರೆಸಬೇಡಿ, ಬೇರೆ ಬೇರೆ ಬರೆಯಿರಿ.

ಪ್ರೋಬಿಂಗ್ ಬಿಟ್ಟು ಸ್ಕ್ಯಾನ್‌ನಿಂದಲೇ ಅಟ್ಯಾಚ್‌ಮೆಂಟ್ ಲೆವೆಲ್ ತೆಗೀಬಹುದಾ?

ಅರ್ಧ ತೆಗೆಯಬಹುದು. ಅಂಚು ಎಲ್ಲಿದೆ ಎಂಬುದು ಸ್ಕ್ಯಾನ್‌ನಿಂದ, ಆಳ ಪ್ರೋಬ್‌ನಿಂದ, ಎರಡನ್ನೂ ಕೂಡಿದರೆ ಅಟ್ಯಾಚ್‌ಮೆಂಟ್ ಲೆವೆಲ್, ಅಂದರೆ ಮೇಲೆ ಹೇಳಿದ ಹಿಡಿತದ ಲೆಕ್ಕ. ತೊಡಕು ಇರುವುದು ಕಿರೀಟ ಮತ್ತು ಬೇರು ಸೇರುವ ಗೆರೆಯಲ್ಲಿ. ವಸಡು ಇಳಿದಿದ್ದರೆ ಮಾತ್ರ ಅದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಮೊದಲ ಸ್ಕ್ಯಾನ್‌ನಲ್ಲಿ ಮುಚ್ಚಿದ್ದು ಎರಡನೆಯದರಲ್ಲಿ ಬಿಟ್ಟುಕೊಂಡಿದ್ದರೆ, ಹೊಂದಿಸಿದ ಮೇಲೆ ಆ ಗೆರೆಯನ್ನು ಹಿಂದಿನದಕ್ಕೂ ಬಳಸಬಹುದು. ಎರಡರಲ್ಲೂ ಕಾಣದಿದ್ದರೆ ಹಲ್ಲಿನ ತುದಿಯಿಂದ ಅಂಚಿಗೆ ಇರುವ ದೂರವನ್ನು ಎರಡೂ ಸಲ ಅಳೆಯಿರಿ. ಹಲ್ಲು ಕಚ್ಚುವ ಕಡೆ ಸವೆದಿದ್ದರೆ, ಕ್ಯಾಪ್ ಬ್ರಿಜ್ ಏನಾದರೂ ಹಾಕಿದ್ದರೆ ಅದೂ ಕೆಲಸಕ್ಕೆ ಬಾರದು.

ಥೀಸಿಸ್‌ಗೆ ದುಡ್ಡಿಲ್ಲದೆ ಸಿಗೋ ಸಾಫ್ಟ್‌ವೇರ್ ಯಾವುದಿದೆ?

ಕ್ಲೌಡ್‌ಕಂಪೇರ್ ಮತ್ತು ಮೆಶ್‌ಲ್ಯಾಬ್ ಎರಡೂ ಉಚಿತ, ಓಪನ್ ಸೋರ್ಸ್. ಹೊಂದಿಸುವುದು, ಬಣ್ಣದ ಚಿತ್ರ, ಅಂತರದ ಲೆಕ್ಕ ಎಲ್ಲ ಕ್ಲೌಡ್‌ಕಂಪೇರ್‌ನಲ್ಲೇ ಆಗುತ್ತದೆ. ಕಲಿಯಲು ಸ್ವಲ್ಪ ತಾಳ್ಮೆ ಬೇಕು, ದಂತವೈದ್ಯರಿಗಾಗಿ ಮಾಡಿದ್ದಲ್ಲ ಅದು. ಸ್ಕ್ಯಾನರ್ ಕಂಪನಿಗಳೇ ಕೊಡುವ ಹೋಲಿಕೆ ಆ್ಯಪ್‌ಗಳು ರೋಗಿಗೆ ತೋರಿಸಲು ಚೆನ್ನ, ಆದರೆ ಒಳಗೆ ಹೇಗೆ ಹೊಂದಿಸಿತು ಅಂತ ನಿಮ್ಮ ಕೈಗೆ ಪೂರ್ತಿ ಸಿಗುವುದಿಲ್ಲ, ಆದ್ದರಿಂದ ಥೀಸಿಸ್‌ಗೆ ಬರೀ ಅದನ್ನೇ ನಂಬಬೇಡಿ. ಶುರು ಮಾಡುವ ಮುಂಚೆ ಒಬ್ಬರೇ ಸ್ನೇಹಿತರ ಬಾಯನ್ನು ಚಿಕಿತ್ಸೆ ಏನೂ ಮಾಡದೆ ಒಂದೇ ದಿನ ಕೆಲವು ಸಲ ಸ್ಕ್ಯಾನ್ ಮಾಡಿ, ಹೊಂದಿಸಿ, ವ್ಯತ್ಯಾಸ ನೋಡಿ. ಸೊನ್ನೆ ಬರಬೇಕಾದಲ್ಲಿ ಎಷ್ಟು ಬಂತೋ ಅದೇ ನಿಮ್ಮ ಕೈಯ ತಪ್ಪು. ಫೈಲ್ ಹೆಸರಿನಲ್ಲಿ ರೋಗಿಯ ಹೆಸರು ಹಾಕಬೇಡಿ, ಕೋಡ್ ಕೊಡಿ, ದಿನಾಂಕವನ್ನು ವರ್ಷ, ತಿಂಗಳು, ದಿನ ಅಂತ ಬರೆಯಿರಿ. ‘ಫೈನಲ್ ಹೊಸದು 2’ ಅಂತ ಹೆಸರಿಟ್ಟ ಫೈಲುಗಳನ್ನು ಹಿಡಿದುಕೊಂಡು ಸಬ್ಮಿಶನ್ ಹಿಂದಿನ ರಾತ್ರಿ ನನಗೆ ಫೋನ್ ಮಾಡಬೇಡಿ.